ನೆಲದ ನಡುಕಕ್ಕೊಂದು ಲೆಕ್ಕ

ಕೇಳುಗರಿಗೆ ನಮಸ್ಕಾರ.

ಭೂಕಂಪ ಯಾವ ದಿನ ಆಗುತ್ತದೆಂದು ಇಂದಿಗೂ ಯಾರೂ ಹೇಳಲಾರರು. ಆದರೆ ಕಟ್ಟಡದ ವಿನ್ಯಾಸಕ್ಕೆ ಕುಳಿತ ಎಂಜಿನಿಯರ್‌ಗೆ, ನೆಲ ಎಷ್ಟು ಜೋರಾಗಿ ಅಲುಗಬಹುದೆಂಬ ಒಂದು ಅಂಕಿ ಬೇಕೇ ಬೇಕು. ಕಂಬದ ದಪ್ಪವೂ ಅದರೊಳಗಿನ ಕಬ್ಬಿಣದ ಸರಳುಗಳ ಸಂಖ್ಯೆಯೂ ಆ ಅಂಕಿಯನ್ನೇ ಅವಲಂಬಿಸುತ್ತವೆ.

ಈ ಲೆಕ್ಕಕ್ಕೆ ಸಂಭಾವ್ಯತೆಯ ತಳಹದಿಯನ್ನು 1968ರಲ್ಲಿ ಹಾಕಿಕೊಟ್ಟವರು ಅಮೆರಿಕದ ಎಂಜಿನಿಯರ್ ಅಲಿನ್ ಕಾರ್ನೆಲ್. ಸುತ್ತಲಿನ ಪ್ರತಿಯೊಂದು ಸ್ತರಭಂಗದಲ್ಲಿ, ಅಂದರೆ ಬಂಡೆಗಳು ಜಾರಿ ಭೂಕಂಪ ಹುಟ್ಟುವ ನೆಲದಾಳದ ಬಿರುಕಿನಲ್ಲಿ, ಎಷ್ಟು ತೀವ್ರತೆಯ ಭೂಕಂಪ ಎಷ್ಟು ಸಲ ಆಗಬಹುದು, ಅದರ ಅಲೆಗಳು ದೂರ ಸಾಗಿದಂತೆ ಎಷ್ಟು ಕುಗ್ಗುತ್ತವೆ ಎಂಬುದನ್ನೆಲ್ಲ ಒಟ್ಟುಗೂಡಿಸಿ, ಒಂದು ಸ್ಥಳದಲ್ಲಿ ಇಂತಿಷ್ಟು ನಡುಕ ವರ್ಷಕ್ಕೆ ಎಷ್ಟು ಸಂಭವವೆಂದು ಕಂಡುಕೊಳ್ಳುವುದು ಆ ವಿಧಾನ. ಎಷ್ಟು ಅಪರೂಪದ ನಡುಕಕ್ಕೆ ಕಟ್ಟಡ ಸಿದ್ಧವಿರಬೇಕೆಂಬುದು ಮಾತ್ರ ಸಮಾಜ ಮಾಡಬೇಕಾದ ತೀರ್ಮಾನ. ಕಟ್ಟಡ ಕಟ್ಟುವ ನಿಯಮಗಳನ್ನು ಹೇಳುವ ಹಲವು ಸಂಹಿತೆಗಳು 50 ವರ್ಷಗಳಲ್ಲಿ ಮೀರುವ ಸಂಭವ ನೂರಕ್ಕೆ 10ರಷ್ಟಿರುವ ನಡುಕವನ್ನು ಆರಿಸಿಕೊಂಡಿವೆ. ಇದನ್ನೇ 475 ವರ್ಷಗಳ ಮರುಕಳಿಕೆ ಎನ್ನುತ್ತಾರೆ. ಈ ಮಾತು ಬಹಳ ಜನರನ್ನು ದಾರಿ ತಪ್ಪಿಸುತ್ತದೆ: ಒಮ್ಮೆ ಆದ ಮೇಲೆ 475 ವರ್ಷ ನಿಶ್ಚಿಂತೆ ಎಂದು ಇದರ ಅರ್ಥವಲ್ಲ, ಈ ಲೆಕ್ಕದ ಪ್ರಕಾರ ಪ್ರತಿ ವರ್ಷವೂ ಅದೇ ಸಣ್ಣ ಸಂಭವ ಇದ್ದೇ ಇರುತ್ತದೆ.

ಇನ್ನು, ಒಂದೇ ನಡುಕ ಎಲ್ಲ ಕಟ್ಟಡಗಳನ್ನೂ ಒಂದೇ ರೀತಿ ಕಾಡುವುದಿಲ್ಲ. ಸ್ಕೇಲೊಂದನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು ಮೀಟಿ ನೋಡಿ. ಹೊರಚಾಚಿದ ಭಾಗ ಉದ್ದವಾದಷ್ಟೂ ಅದು ನಿಧಾನವಾಗಿ ಕಂಪಿಸುತ್ತದೆ. ಹಾಗೆಯೇ ಎತ್ತರದ ಕಟ್ಟಡದ ತೂಗಾಟ ನಿಧಾನ, ಗಿಡ್ಡ ಕಟ್ಟಡದ್ದು ಚುರುಕು. 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋದ ಪೆಸಿಫಿಕ್ ಕರಾವಳಿಯಲ್ಲಿ ಆದ ಭೂಕಂಪ, 350 ಕಿಲೋಮೀಟರಿಗೂ ಹೆಚ್ಚು ದೂರದ ಮೆಕ್ಸಿಕೋ ನಗರವನ್ನು ಧ್ವಂಸ ಮಾಡಿತು. ಹಳೆಯ ಕೆರೆಯಂಗಳದ ಮೆತ್ತನೆಯ ಜೇಡಿಮಣ್ಣು ಸುಮಾರು 2 ಸೆಕೆಂಡಿಗೊಮ್ಮೆ ತೂಗತೊಡಗಿದಾಗ, ತಮ್ಮ ತೂಗಾಟದ ಲಯ ಅದಕ್ಕೆ ಹತ್ತಿರವಿದ್ದುದರಿಂದ ಇನ್ನಷ್ಟು ಜೋರಾಗಿ ತೂಗಿದ ಮಧ್ಯಮ ಎತ್ತರದ ಕಟ್ಟಡಗಳೇ ಹೆಚ್ಚಾಗಿ ಕುಸಿದವು. ಅದೇ ನಗರದ ಗಟ್ಟಿ ನೆಲದ ಭಾಗಗಳಲ್ಲಿ ಹಾನಿ ಬಹಳ ಕಡಿಮೆ.

ಆದ್ದರಿಂದಲೇ ಅನೇಕ ಸಂಹಿತೆಗಳು ನಡುಕದ ನಕ್ಷೆಯಲ್ಲಿ ಬಂಡೆಯ ಅಥವಾ ಗಟ್ಟಿ ನೆಲದ ಮೌಲ್ಯವನ್ನು ಕೊಟ್ಟು, ನಿವೇಶನದ ಮಣ್ಣಿಗೆ ತಕ್ಕಂತೆ ಅದನ್ನು ತಿದ್ದಿಕೊಳ್ಳಲು ಹೇಳುತ್ತವೆ. ಮೇಲಿನ 30 ಮೀಟರ್ ಆಳದಲ್ಲಿ ಅಡ್ಡ ಅಲೆಗಳು (ಸಾಗುವ ದಿಕ್ಕಿಗೆ ಅಡ್ಡವಾಗಿ ನೆಲವನ್ನು ಅಲುಗಿಸುವ ಅಲೆಗಳು) ಸರಾಸರಿ ಎಷ್ಟು ವೇಗದಲ್ಲಿ ಸಾಗುತ್ತವೆಂದು ಅಳೆದು ಮಣ್ಣಿನ ವರ್ಗವನ್ನು ನಿರ್ಧರಿಸುವುದು ಈಗ ವ್ಯಾಪಕವಾಗಿ ಬಳಕೆಯಲ್ಲಿರುವ ಕ್ರಮ. ಈ ಅಳತೆಯನ್ನು ಉಳಿತಾಯದ ನೆಪದಲ್ಲಿ ಕೈಬಿಟ್ಟು, ಪಕ್ಕದ ನಿವೇಶನದ ವರದಿಯನ್ನೇ ನಕಲು ಮಾಡಿಕೊಳ್ಳುವುದನ್ನು ನಾನು ಒಪ್ಪಲಾರೆ. ಹೂತುಹೋದ ಹಳೆಯ ಕೆರೆಯ ಅಂಚು ಆ ಎರಡು ನಿವೇಶನಗಳ ನಡುವೆಯೇ ಹಾದುಹೋಗಿರಬಹುದು.