ಸಂಗ್ರಹದ ಕಾರ್ಡುಗಳ ಮಾರಾಟ ಮತ್ತು ಅಮೆರಿಕದ ತೆರಿಗೆ

ಕೇಳುಗರಿಗೆ ನಮಸ್ಕಾರ. ಬೇಸ್‌ಬಾಲ್ ಆಟಗಾರ ಮಿಕ್ಕಿ ಮ್ಯಾಂಟಲ್ ಅವರ ಚಿತ್ರವಿದ್ದ, 1952ರಲ್ಲಿ ಟಾಪ್ಸ್ ಕಂಪನಿ ಅಚ್ಚು ಹಾಕಿದ್ದ ಒಂದು ರಟ್ಟಿನ ಕಾರ್ಡು 2022ರ ಆಗಸ್ಟ್‌ನಲ್ಲಿ ಅಮೆರಿಕದ ಹರಾಜಿನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಮಾರಾಟವಾಯಿತು. ಅಂಥ ಕಾರ್ಡು ಎಲ್ಲರಿಗೂ ಸಿಗುವುದಿಲ್ಲ. ಆದರೂ ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು ಕೂಡಿಟ್ಟ ಪೋಕೆಮಾನ್ ಕಾರ್ಡುಗಳಲ್ಲಿ ಒಂದಕ್ಕೆ ಒಳ್ಳೆಯ ಬೆಲೆ ಬಂದರೆ, ತೆರಿಗೆಯ ಪ್ರಶ್ನೆ ಮನೆಯೊಳಗೇ ಏಳುತ್ತದೆ.

ಕಾರ್ಡನ್ನು ಯಾವ ಉದ್ದೇಶದಿಂದ ಇಟ್ಟುಕೊಂಡಿದ್ದರು ಎಂಬುದರ ಮೇಲೆ ಲೆಕ್ಕ ನಿಂತಿದೆ. ಕೊಂಡು ಮಾರುವುದನ್ನೇ ಕಸುಬಾಗಿಸಿಕೊಂಡವರು ವ್ಯಾಪಾರಿಗಳು. ಅವರ ಲಾಭಕ್ಕೆ ಸಾಮಾನ್ಯ ಆದಾಯ ತೆರಿಗೆಯ ಜೊತೆಗೆ ಶೇ. 15.3ರ ಸ್ವಯಂ ಉದ್ಯೋಗ ತೆರಿಗೆಯೂ ಬೀಳುತ್ತದೆ. ಬೆಲೆ ಏರೀತೆಂದು ಕೊಂಡಿಟ್ಟವರು ಹೂಡಿಕೆದಾರರು. ಬರಿಯ ಅಕ್ಕರೆಯಿಂದ ಕೂಡಿಸಿದವರಿಗಾದರೋ ಲಾಭ ಬಂದರೆ ತೆರಿಗೆಯುಂಟು, ನಷ್ಟವಾದರೆ ಅದನ್ನು ಕಳೆಯುವ ಅವಕಾಶವಿಲ್ಲ. ಈ ಏರ್ಪಾಡು ನನಗೆ ನ್ಯಾಯವೆನಿಸುವುದಿಲ್ಲ.

ಅಂಚೆಚೀಟಿ, ನಾಣ್ಯ, ಕಲಾಕೃತಿಗಳನ್ನು ಕಾನೂನು ಸಂಗ್ರಹಯೋಗ್ಯ ವಸ್ತುಗಳೆಂದು ಹೆಸರಿಸಿದೆ. ಕಾರ್ಡಿನ ಹೆಸರು ಅಲ್ಲಿ ಇಲ್ಲವಾದರೂ ಅದನ್ನು ಅದೇ ಗುಂಪಿಗೆ ಸೇರಿಸಿ ಲೆಕ್ಕ ಹಾಕುವುದು ರೂಢಿ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದರೆ ದರ ಶೇ. 28ನ್ನು ಮೀರುವುದಿಲ್ಲ, ಅದಕ್ಕೆ ಮುಂಚೆ ಮಾರಿದರೆ ಸಂಬಳದ ಆದಾಯಕ್ಕಿರುವ ದರವೇ ಅನ್ವಯಿಸುತ್ತದೆ. ಒಬ್ಬ ಹೂಡಿಕೆದಾರರು 1,000 ಡಾಲರಿಗೆ ಕೊಂಡ ಕಾರ್ಡನ್ನು ಮೂರು ವರ್ಷದ ನಂತರ 4,000 ಡಾಲರಿಗೆ ಮಾರಿದರು ಎಂದುಕೊಳ್ಳೋಣ. ಕಾರ್ಡಿನ ಸ್ಥಿತಿ ನೋಡಿ ದರ್ಜೆ ಕೊಡುವ ಗ್ರೇಡಿಂಗ್‌ನ ಶುಲ್ಕ 50, ಮಾರಾಟದ ಕಮಿಷನ್ 450 ಡಾಲರ್ ಕಳೆದರೆ ಉಳಿಯುವ ಲಾಭ 2,500. ಅದಕ್ಕೆ ಒಕ್ಕೂಟ ಸರ್ಕಾರದ ಬಂಡವಾಳ ಲಾಭ ತೆರಿಗೆ ಹೆಚ್ಚೆಂದರೆ 700 ಡಾಲರ್.

ಜನ ಹೆಚ್ಚಾಗಿ ಎಡವುವುದು ವಿನಿಮಯದಲ್ಲಿ. ಕಾರ್ಡಿಗೆ ಕಾರ್ಡು ಕೊಟ್ಟೆವು, ಹಣ ಕೈಗೆ ಬರಲಿಲ್ಲ, ಆದ್ದರಿಂದ ತೆರಿಗೆಯಿಲ್ಲ ಎಂದು ನಂಬಿದವರು ಬಹಳ. 2017ರ ತೆರಿಗೆ ಕಾಯ್ದೆಯು ಸರಕು ವಿನಿಮಯದ ತೆರಿಗೆಯನ್ನು ಮುಂದೂಡುವ ಸೌಲಭ್ಯವನ್ನು 2018ರಿಂದ ಸ್ಥಿರಾಸ್ತಿಗಳಿಗೆ ಮಾತ್ರ ಉಳಿಸಿತು. ಹಾಗಾಗಿ 100 ಡಾಲರಿಗೆ ಕೊಂಡ ಕಾರ್ಡನ್ನು ಕೊಟ್ಟು 900 ಡಾಲರ್ ಬೆಲೆಯ ಕಾರ್ಡನ್ನು ಪಡೆದವರು, ಒಂದು ಡಾಲರೂ ಕಾಣದಿದ್ದರೂ, 800 ಡಾಲರ್ ಲಾಭವನ್ನು ತೋರಿಸಬೇಕಾಗುತ್ತದೆ.

ಆನ್‌ಲೈನ್ ಮಾರುಕಟ್ಟೆಯಲ್ಲಿ ವರ್ಷದ ಮಾರಾಟ 20,000 ಡಾಲರ್ ಮತ್ತು 200 ವಹಿವಾಟು ಎರಡನ್ನೂ ದಾಟಿದರೆ ಆ ಸಂಸ್ಥೆಯೇ ತೆರಿಗೆ ಇಲಾಖೆಗೆ ವರದಿ ಕಳುಹಿಸುತ್ತದೆ. ವರದಿ ಹೋಗದಿದ್ದರೂ ಲಾಭಕ್ಕೆ ತೆರಿಗೆ ತಪ್ಪುವುದಿಲ್ಲ. ಹಿರಿಯರಿಂದ ಉತ್ತರಾಧಿಕಾರವಾಗಿ ಬಂದ ಕಾರ್ಡಿಗೆ ಅವರು ತೀರಿಕೊಂಡ ದಿನದ ಮಾರುಕಟ್ಟೆ ಬೆಲೆಯೇ ಅಸಲು, ಅಂದರೆ ಲಾಭ ತಿಳಿಯಲು ಮಾರಾಟದ ಮೊತ್ತದಿಂದ ಕಳೆಯುವ ಬೆಲೆ. ಬದುಕಿದ್ದಾಗಲೇ ಉಡುಗೊರೆಯಾಗಿ ಕೊಟ್ಟಿದ್ದರೆ, ಲಾಭದ ಲೆಕ್ಕಕ್ಕೆ ಅವರು ಕೊಂಡ ಬೆಲೆಯೇ ಅಸಲು. ಅಸಲಿಗೆ ಪುರಾವೆಯಿಲ್ಲದಿದ್ದರೆ ಇಲಾಖೆ ಅದನ್ನು ಸೊನ್ನೆಯೆಂದು ಹಿಡಿದು ಮಾರಾಟದ ಪೂರ್ತಿ ಮೊತ್ತವನ್ನೇ ಲಾಭವೆಂದು ಎಣಿಸಬಹುದು. ಆದ್ದರಿಂದ ಕೊಂಡ ದಿನಾಂಕ, ಕೊಟ್ಟ ಬೆಲೆ, ಗ್ರೇಡಿಂಗ್ ಶುಲ್ಕ, ವಿನಿಮಯದ ದಿನ ಎರಡೂ ಕಾರ್ಡುಗಳಿಗಿದ್ದ ಬೆಲೆ, ಇಷ್ಟನ್ನು ಒಂದು ಪುಸ್ತಕದಲ್ಲಿ ಆಗಿಂದಾಗಲೇ ಬರೆದು, ರಸೀದಿಗಳನ್ನು ಅದರೊಂದಿಗೇ ಇಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ನಮಸ್ಕಾರ.