ಕಲ್ಚರ್‌ನಲ್ಲಿ ಏನೂ ಇಲ್ಲ, ನೋವು ಮಾತ್ರ ಇದೆ

ಕೇಳುಗರೇ, ನಮಸ್ಕಾರ.

ನಮ್ಮ ಕಾಸರಗೋಡಿನ ಕಡೆ ಗಂಡಸರು ಉರಿಮೂತ್ರ ಅಂದರೆ ಸಾಕು, "ಉಷ್ಣ ಆಗಿರಬೇಕು, ಎರಡು ಬೊಂಡ ಕುಡಿ" ಅನ್ನುತ್ತಾರೆ. ನಾನೂ ಕುಡಿದೆ. ಉರಿ ಹೋಗಲಿಲ್ಲ. ವೃಷಣದ ಹಿಂದೆ, ಗುದದ ಮುಂದೆ ಒಂದೇ ಸಮ ನೋವು. ಗೋಟಡಿಕೆ ಇಟ್ಟು ಅದರ ಮೇಲೆ ಕೂತ ಹಾಗೆ. ಅಡಿಕೆ ಸುಲಿಯಲು ಕೂತರೆ ಹತ್ತು ನಿಮಿಷಕ್ಕೆ ಏಳಬೇಕು. ಹೆಂಡತಿಗೆ ಹೇಳಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಇಂಥ ನೋವಿಗೆ ಮೊದಲು ಅನುಮಾನ ಬರುವುದು ಪ್ರಾಸ್ಟೇಟ್ ಮೇಲೆ. ಅಂದರೆ ಮೂತ್ರಚೀಲದ ಬುಡದಲ್ಲಿರುವ ಗ್ರಂಥಿ. ಹೆಚ್ಚುಕಡಿಮೆ ಒಂದು ಹಣ್ಣಡಿಕೆಯಷ್ಟು ಗಾತ್ರ. ಅಲ್ಲಿ ಬ್ಯಾಕ್ಟೀರಿಯಾ ಸೇರಿ ಹಳತಾಗಿದ್ದರೆ 4ರಿಂದ 6 ವಾರ ಆಂಟಿಬಯಾಟಿಕ್ ಬೇಕೇ ಬೇಕು. ಆದರೆ 3 ತಿಂಗಳು ದಾಟಿದ ಇಂಥ ನೋವಿನಲ್ಲಿ 100ಕ್ಕೆ 90ರಷ್ಟು ಜನರಿಗೆ ಕಲ್ಚರ್‌ನಲ್ಲಿ, ಅಂದರೆ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವ ಲ್ಯಾಬ್ ಪರೀಕ್ಷೆಯಲ್ಲಿ, ಏನೂ ಸಿಗುವುದಿಲ್ಲ. ನನಗೂ ಸಿಗಲಿಲ್ಲ. ಆದರೂ ಮೂರು ಸಲ ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ನುಂಗಿದೆ. ಮೂರನೆಯ ಸಲ ಚೀಟಿ ಇಲ್ಲದೆ ನಾನೇ ಅಂಗಡಿಯಿಂದ ತಂದೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಮಾತ್ರೆಯಿಂದ ಅಪರೂಪಕ್ಕೆ ಹಿಮ್ಮಡಿಯ ಸ್ನಾಯುರಜ್ಜು ಹರಿಯುವುದೂ ಉಂಟು.

ಕೊನೆಗೆ ಮಂಗಳೂರಿನಲ್ಲಿ ಒಬ್ಬ ಡಾಕ್ಟರು ಬೇರೆಯೇ ಪ್ರಶ್ನೆ ಕೇಳಿದರು. "ದಿನಕ್ಕೆ ಎಷ್ಟು ಹೊತ್ತು ಕೂರುತ್ತೀರಿ? ನಿದ್ದೆ ಹೇಗೆ?" ಸೊಂಟದ ಗೂಡಿನ ಅಡಿಗೆ ಚಾಪೆ ಹಾಸಿದಂತೆ ಸ್ನಾಯುಗಳಿವೆ. ನನ್ನವು ಮುಷ್ಟಿ ಹಿಡಿದ ಹಾಗೆ ಬಿಗಿದುಕೊಂಡಿದ್ದವು. ಫಿಸಿಯೋಥೆರಪಿಯವರು ಅದನ್ನು ಸಡಿಲ ಬಿಡಲು ಕಲಿಸಿದರು. ಅಂಗಾತ ಮಲಗಿ, ಮೊಣಕಾಲು ಮಡಚಿ, ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರು. ಒಳಗೆ ಎಳೆದಾಗ ಕೆಳಗಿನದೆಲ್ಲ ಮೂತ್ರ ಬಿಡುವಾಗಿನ ಹಾಗೆ ಸಡಿಲ. ಕೀಗಲ್ ಅಂತ ಬಿಗಿ ಹಿಡಿಯುವ ವ್ಯಾಯಾಮ ಇದೆಯಲ್ಲ, ಸ್ನಾಯು ಮೊದಲೇ ಬಿಗಿದಿದ್ದರೆ ಅದರಿಂದ ನೋವು ಜಾಸ್ತಿಯೇ ಆಗಬಹುದು.

ಎಲ್ಲರಿಗೂ ಒಂದೇ ಮದ್ದು ಇಲ್ಲ. ಮೂತ್ರದ ಧಾರೆ ಸಣ್ಣಗಿದ್ದರೆ ಟ್ಯಾಮ್ಸುಲೋಸಿನ್ ಕೊಡುತ್ತಾರೆ. ಅದು ತಿಂದವರು ಹಾಸಿಗೆಯಿಂದ ನಿಧಾನವಾಗಿ ಏಳಬೇಕು, ತಲೆ ತಿರುಗಬಹುದು. ನೋವಿನಿಂದ ನಿದ್ದೆ ಇಲ್ಲದಿದ್ದರೆ ರಾತ್ರಿಗೆ ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್. "ತಲೆಯ ಮಾತ್ರೆ" ಅಂತ ಹೆದರಬೇಡಿ, ಅದು ನರಗಳ ನೋವಿಗೂ ಮದ್ದು. ನನಗೆ ತುಂಬ ಹಿತವಾದದ್ದು ಹಂಡೆಯ ನೀರು. ಟಬ್ಬಿಗೆ ಸುರಿದು, ತಣ್ಣೀರು ಬೆರೆಸಿ ಹದ ಮಾಡಿ, ಸೊಂಟ ಮುಳುಗುವಂತೆ ಕಾಲು ಗಂಟೆ ಕೂರುತ್ತಿದ್ದೆ.

ಆದರೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ಮೂತ್ರದಲ್ಲಿ ರಕ್ತ ಕಂಡರೆ ಮನೆಮದ್ದು ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ.

ನನ್ನ ನೋವು ಪೂರ್ತಿ ಹೋಗಿಲ್ಲ. ಈಗ ಮುಕ್ಕಾಲು ಗಂಟೆ ಕೂತು ಅಡಿಕೆ ಸುಲಿಯುತ್ತೇನೆ. ಆಮೇಲೆ ಎದ್ದು ಅಂಗಳಕ್ಕೆ ಒಂದು ಸುತ್ತು ಹಾಕಿ ಬಂದು ಮತ್ತೆ ಕೂರುತ್ತೇನೆ. ನಮಸ್ಕಾರ.