ನಳದ ಕೆಳಗೆ ನಾಲ್ಕು ಪರಸಿ

ಕೇಳುಗರಿಗೆಲ್ಲ ನಮಸ್ಕಾರ. ಕಲಬುರಗಿ, ಬೀದರ್, ಯಾದಗಿರಿಯ ಶಿಕ್ಷಕರಿಗೆ, ಅಪ್ಪ-ಅಮ್ಮಂದಿರಿಗೆ ಒಂದೇ ಮಾತು ಹೇಳಲು ಬಂದಿದ್ದೇನೆ. ಪೌರನೀತಿ ಬಾಯಿಪಾಠದಿಂದ ಬರುವುದಿಲ್ಲ. ಮಕ್ಕಳ ಕೈಗೆ ಜವಾಬ್ದಾರಿ ಕೊಡಿ, ಆಗ ಬರುತ್ತದೆ.

ನಾನು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಪರೀಕ್ಷೆಯಲ್ಲಿ ಮೂಲಭೂತ ಕರ್ತವ್ಯದ ಪ್ರಶ್ನೆ ಬಂತು. ‘ಸಾರ್ವಜನಿಕ ಆಸ್ತಿ ಕಾಪಾಡುವುದು’ ಅಂತ ಏಳನೇ ತರಗತಿಯವರೆಲ್ಲ ಬರೆದಿದ್ದರು. ಪೂರ್ತಿ ಅಂಕ ಕೊಟ್ಟೆ. ಹೊರಗೆ ಬಂದರೆ ಅಂಗಳದ ನಳ ಕಿತ್ತುಹೋಗಿ ನೀರು ಹರಿಯುತ್ತಿತ್ತು! ಆ ವರ್ಷ ಅದು ಮೂರನೇ ಸಲ. ಪ್ರತಿ ಸಲ ಪ್ರಾರ್ಥನೆಯ ಹೊತ್ತಿಗೆ ಬೈಯುತ್ತಿದ್ದೆ. ಏನೂ ಆಗಿರಲಿಲ್ಲ.

ಆಮೇಲೆ ಶಾಲಾ ಸಂಸತ್ತಿನ ಚುನಾವಣೆ. ಅಲ್ಲಿಯವರೆಗೆ ಜಾಸ್ತಿ ಅಂಕದವರನ್ನು ನಾವೇ ಮಂತ್ರಿ ಮಾಡುತ್ತಿದ್ದೆವು. ಆ ಸಲ ಮಕ್ಕಳೇ ಚೀಟಿ ಹಾಕಿದರು. ನೀರಿನ ಖಾತೆ ಒಬ್ಬ ಹುಡುಗಿಗೆ ಸಿಕ್ಕಿತು. ಓದಿನಲ್ಲಿ ಹಿಂದೆ, ಮಾತೂ ಕಡಿಮೆ. ಅವಳು ಯಾರನ್ನೂ ಬೈಯಲಿಲ್ಲ. ಎರಡು ದಿನ ಬಿಸಿಯೂಟದ ಹೊತ್ತಿನಲ್ಲಿ ನಳದ ಹತ್ತಿರ ಸುಮ್ನೆ ನಿಂತು ನೋಡಿದಳು. ಮೂರನೇ ದಿನ ಬಂದು, ‘ಸರ್, ಸಣ್ಣ ಹುಡುಗರಿಗೆ ನಳ ಎಟಕಂಗಿಲ್ಲ. ಪೈಪಿನ ಮ್ಯಾಲ ಕಾಲಿಟ್ಟು ಜೋತು ಬೀಳ್ತಾರ’ ಅಂದಳು. ವರ್ಷವಿಡೀ ಬೈದ ನನಗೆ ಇದು ಕಂಡಿರಲಿಲ್ಲ. ಅವಳ ಅಪ್ಪ ಶಹಾಬಾದ್ ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದರು. ಮರುದಿನ ನಾಲ್ಕು ಪರಸಿ, ಅಂದರೆ ಹಾಸುಗಲ್ಲಿನ ತುಂಡು, ತಂದರು. ಅಪ್ಪ-ಮಗಳು ನಳದ ಕೆಳಗೆ ಮೆಟ್ಟಿಲು ಮಾಡಿದರು. ಆಮೇಲೆ ಆ ನಳ ಕಿತ್ತುಹೋಗಲಿಲ್ಲ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. 1976ರ 42ನೇ ತಿದ್ದುಪಡಿ ಸಂವಿಧಾನಕ್ಕೆ 10 ಮೂಲಭೂತ ಕರ್ತವ್ಯ ಸೇರಿಸಿತು. 2002ರಲ್ಲಿ 11ನೆಯದು ಬಂತು. ಅದು ಅಪ್ಪ-ಅಮ್ಮಂದಿರದು: 6ರಿಂದ 14 ವರ್ಷದ ಮಕ್ಕಳನ್ನು ಓದಿಸಬೇಕು. ಹತ್ತಿ ಬಿಡಿಸಲು ಮಗಳನ್ನು ಮನೆಯಲ್ಲಿ ಉಳಿಸಿಕೊಂಡರೆ, ಕರ್ತವ್ಯದ ಪಾಠ ಅವಳಿಗೆ ಹೇಗೆ ನಾಟೀತು?

ಸಂವಿಧಾನದ ಪೀಠಿಕೆ ಓದಿಸುತ್ತೀರಿ, ಒಳ್ಳೆಯದು. ‘ಸಮಾನತೆ’ ಅಂತ ಓದಿದ ಮಕ್ಕಳು ಊಟಕ್ಕೆ ಯಾರ ಪಕ್ಕ ಕೂರುತ್ತಾರೆ, ಅದನ್ನೂ ನೋಡಿ. ಮಕ್ಕಳ ಗ್ರಾಮಸಭೆಗೆ ಪ್ರಶ್ನೆ ನೀವೇ ಬರೆದು ಕೊಡಬೇಡಿ. ಅವರಿಗೆ ಕೇಳಲು ಬೇಕಾದಷ್ಟಿದೆ. ಶಾಲೆ ಶುರುವಾದಾಗ ಗ್ರಂಥಾಲಯ ಮಂತ್ರಿಯನ್ನು ಆರಿಸುತ್ತೀರಿ, ಅಲ್ವಾ? ಕಪಾಟಿನ ಕೀಲಿಕೈಯನ್ನೂ ಅವರ ಕೈಗೇ ಕೊಡಿ.

ನಮಸ್ಕಾರ.